ಉಪ್ಪಲ್‌ನ ಜಾಗತಿಕ ಮೇಜು

ನಮ್ಮ ಸಂಘಕ್ಕೂ ಜಗತ್ತಿಗೂ ಅದೇನು ಋಣಾನುಬಂಧವೋ ಗೊತ್ತಿಲ್ಲ, ಜಗತ್ತು ಒಂದು ಹೆಜ್ಜೆ ಈಚೆ ಬಂದಾಗಲೆಲ್ಲ ನಮ್ಮ ಆಫೀಸಿನಲ್ಲಿ ಏನಾದರೊಂದು ಎಡವಟ್ಟಾಗಿಯೇ ತೀರುತ್ತದೆ. ಯಾರ ತಪ್ಪು ಎಂದು ಇವತ್ತಿಗೂ ನನಗೆ ಅರ್ಥವಾಗಿಲ್ಲ. ಅರ್ಥವಾಗಿದ್ದರೆ ನೀನು ಈ ಕೆಲಸದಲ್ಲೇ ಇರುತ್ತಿರಲಿಲ್ಲ ಎನ್ನುತ್ತಾರೆ ನನ್ನ ಗಂಡ.

ನಮ್ಮದು ಹೈದರಾಬಾದಿನ ಉಪ್ಪಲ್‌ನ ಸಣ್ಣ ಕಾರ್ಖಾನೆಗಳ ಮಾಲೀಕರ ಸಂಘ. ನಾನು ಮಿಯಾಪುರದಲ್ಲಿ ಮೆಟ್ರೋ ಹತ್ತಿ, ಅಮೀರ್‌ಪೇಟ್‌ನಲ್ಲಿ ಇಳಿದು, ಬ್ಯಾಗು ಹೊತ್ತ ಕೋಚಿಂಗ್ ಮಕ್ಕಳ ನಡುವೆ ನುಸುಳಿ, ಇನ್ನೊಂದು ರೈಲು ಹಿಡಿದು ದಿನವೂ ಅಲ್ಲಿಗೆ ಹೋಗುತ್ತೇನೆ. ಹನ್ನೊಂದು ವರ್ಷ ಸುತ್ತೋಲೆ ಟೈಪು ಮಾಡಿದೆ, ಚಂದಾ ರಸೀದಿ ಹರಿದೆ. ಯಾರಿಗೂ ಗೊಂದಲವಿರಲಿಲ್ಲ. ಆಮೇಲೆ ನಮ್ಮ ಅಧ್ಯಕ್ಷರು ಒಂದು ವಿಚಾರ ಸಂಕಿರಣಕ್ಕೆ ಹೋಗಿ ಬಂದರು.

ಊರು ಬೆಳೆಯುವ ದಿಕ್ಕು

ಅಧ್ಯಕ್ಷರು ಬೀದರ್ ಕಡೆಯವರು. ಇಪ್ಪತ್ತೆರಡು ವರ್ಷದಿಂದ ನೀರಿನ ಪಂಪು ಮಾಡುತ್ತಾರೆ. ಬೆಳಿಗ್ಗೆ ಹಣೆಗೆ ಹಚ್ಚಿದ ಮೂರೆಳೆ ವಿಭೂತಿ ಸಂಜೆ ಮನೆಗೆ ಹೋಗುವಾಗಲೂ ಒಂದಿಷ್ಟೂ ಅಳಿಸಿರುವುದಿಲ್ಲ, ಅಭಿಪ್ರಾಯಗಳೂ ಹಾಗೆಯೇ. ಹೈಟೆಕ್ ಸಿಟಿಯ ಕಡೆ ಯಾವುದೋ ದೊಡ್ಡ ಹೋಟೆಲಿನಲ್ಲಿ ನಡೆದ ಆ ಸಂಕಿರಣದಿಂದ ಒಂದು ಬಟ್ಟೆಚೀಲ, ಒಂದು ಪೆನ್ನು, ಒಂದು ತಲೆನೋವು ತೆಗೆದುಕೊಂಡು ಬಂದರು. ನೇರ ನನ್ನ ಹತ್ತಿರ ಬಂದು ಕೂತರು.

"ಮೇಡಂ, ಮಹಾನಗರ ಪ್ರದೇಶ ಬೆಳೀಬೇಕಂದ್ರ ಜಾಗತಿಕ ವ್ಯಾಪಾರ, ಜಾಗತಿಕ ಹೂಡಿಕಿ ಬೇಕಂತ. ನೀವು ಧಾರವಾಡದಾಗ ಅರ್ಥಶಾಸ್ತ್ರ ಓದೀರಿ. ಬೆಳಿಯೋದು ಅಂದ್ರ ಯಾವ ಕಡಿಗ್ರಿ? ಘಟ್‌ಕೇಸರ್ ಕಡಿಗೋ, ಎಲ್.ಬಿ. ನಗರದ ಕಡಿಗೋ?"

"ಎಲ್ಲಾ ಕಡಿಗೂ ಸರ್."

"ಅಲ್ಲೂ ಹಂಗ ಅಂದ್ರು. ನನಗ ಅಲ್ಲೂ ತಿಳೀಲಿಲ್ಲ."

ನಾನು ಕಲಿತದ್ದನ್ನೆಲ್ಲ ನೆನಪಿಸಿಕೊಂಡು ವಿವರಿಸಿದೆ. ನಮ್ಮ ಮಾಲು ಹೊರಗೆ ಹೋಗಬೇಕು, ಹೊರಗಿನ ಬಂಡವಾಳ ಒಳಗೆ ಬರಬೇಕು, ಬಂದವರಿಗೆ ಬೇಕಾದ ಬಿಡಿಭಾಗಗಳನ್ನು ನಮ್ಮವರು ಮಾಡಿಕೊಡಬೇಕು, ಹಾಗೆ ಒಂದು ಕಾರ್ಖಾನೆಯ ಬಾಲ ಹಿಡಿದು ಹತ್ತು ಕಾರ್ಖಾನೆ ಹುಟ್ಟಬೇಕು ಎಂದೆ. ಅವರು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೇಳಿಸಿಕೊಂಡರು.

"ಹೋಗೋದು, ಬರೋದು ಅಂತೀರಿ. ಅದನ್ನ ನೋಡ್ಕೋಂತ ಯಾರರೆ ಒಬ್ರು ಕೂಡ್ಬೇಕಲ್ಲ?"

ಮರುದಿನ ವಾಟರ್ ಫಿಲ್ಟರ್ ಪಕ್ಕದಲ್ಲಿ ಒಂದು ಮೇಜು ಬಂತು. ಅದರ ಮೇಲೆ "ಜಾಗತಿಕ ವಾಣಿಜ್ಯ ಮತ್ತು ಹೂಡಿಕೆ ವಿಭಾಗ" ಎಂದು ಇಂಗ್ಲಿಷಿನಲ್ಲಿ ಬರೆದ ಬೋರ್ಡು. ಬೋರ್ಡು ಮೇಜಿಗಿಂತ ಒಂದು ಗೇಣು ಉದ್ದವಾಗಿತ್ತು. ನನ್ನ ಹಳೆಯ ಕೆಲಸವನ್ನು ಒಂದು ಕಂಪ್ಯೂಟರ್ ಪ್ರೋಗ್ರಾಮಿಗೆ ಒಪ್ಪಿಸಿ ನನ್ನನ್ನು ಅಲ್ಲಿ ಕೂಡಿಸಿದರು. ಕೂಡಿಸುವಾಗಲೇ ಅಧ್ಯಕ್ಷರು ಹೇಳಿದರು:

"ನೋಡ್ರಿ ಮೇಡಂ, ಮಾರ್ಚ್ ಸಭಾದೊಳಗ ಒಂದಾದ್ರೂ ಪರದೇಶದ ವ್ಯವಹಾರ ತೋರಸ್ರಿ. ಇಲ್ಲಾಂದ್ರ ಮೇಜು ತಗದು ಅಲ್ಲಿ ಇನ್ನೊಂದು ಫಿಲ್ಟರ್ ಇಡ್ತೀವಿ."

ಅಂದರೆ ಮೇಜು ಹೋದರೆ ನಾನೂ ಹೋದೆ. ಹಳೆಯ ಕುರ್ಚಿ ಉಳಿದಿರಲಿಲ್ಲ, ನಲವತ್ತಾರನೆಯ ವಯಸ್ಸಿಗೆ ಹೊಸ ಕುರ್ಚಿ ಕೊಡುವವರೂ ಇರಲಿಲ್ಲ. ಆ ಮೊದಲ ವಾರ ಜಾಗತಿಕ ಮೇಜಿನ ಹತ್ತಿರ ಹನ್ನೊಂದು ಜನ ಬಂದರು. ಒಂಬತ್ತು ಜನ ನೀರು ಕುಡಿಯಲು, ಇಬ್ಬರು ಲೋಟ ಎಲ್ಲಿ ಎಂದು ಕೇಳಲು.

ಒಣ ಬಂದರು

ಹೊರದೇಶದ ಒಂದು ಕಂಪನಿಯಿಂದ ಇಮೇಲಿನಲ್ಲಿ ಒಂದು ನಮೂನೆ ಬಂತು. ನಿಮ್ಮ ಪ್ರದೇಶದಲ್ಲಿ ಜಮೀನು ಎಷ್ಟಿದೆ, ಕರೆಂಟು ಎಷ್ಟು ಹೊತ್ತು ಇರುತ್ತದೆ, ಬಂದರು ಎಷ್ಟು ದೂರ ಎಂದೆಲ್ಲ ಪ್ರಶ್ನೆಗಳು. ಬಂದರಿನ ಮುಂದೆ ನನ್ನ ಪೆನ್ನು ನಿಂತಿತು. ಅಧ್ಯಕ್ಷರು ಬಂದು ಬಗ್ಗಿ ನೋಡಿದರು.

"ಸಮುದ್ರ ಇಲ್ಲ ಅಂತ ಬರೀಬ್ಯಾಡ್ರಿ. ಬ್ಯಾಸರ ಮಾಡ್ಕೋತಾರ."

"ಹಂಗೇನಿಲ್ಲ ಸರ್. ನಮ್ಮ ಊರಾಗ ಒಣ ಬಂದರು ಐತಿ. ಕಂಟೇನರ್ ಅಲ್ಲೇ ತುಂಬಿ, ಕಸ್ಟಮ್ಸ್‌ನವರು ಅಲ್ಲೇ ಸೀಲ್ ಹಾಕಿ, ರೈಲಿನಾಗ ಸಮುದ್ರಕ್ಕ ಕಳಸ್ತಾರ."

ಅಧ್ಯಕ್ಷರು ಬೆಚ್ಚಿಬಿದ್ದರು. "ಇಷ್ಟು ವರ್ಷ ಆತು ಹೈದರಾಬಾದಿಗೆ ಬಂದು, ಬಂದರ ಐತಿ ಅಂತ ಒಬ್ಬ ಮಗನೂ ಹೇಳಿಲ್ಲಲ್ರಿ ನನಗ!"

'ಒಣ' ಎಂಬುದನ್ನು ನಾನು ಎರಡು ಸಲ ಒತ್ತಿ ಹೇಳಿದೆ. ಅವರು ಆಗಲೇ ಮನೆಗೆ ಫೋನು ಮಾಡುತ್ತಿದ್ದರು. ಭಾನುವಾರ ಕಾರಿನಲ್ಲಿ ಅಧ್ಯಕ್ಷರು, ಅವರ ಹೆಂಡತಿ, ದಾರಿ ತೋರಿಸಲು ನಾನು. ಅಧ್ಯಕ್ಷರ ಹೆಂಡತಿಯನ್ನು ನಾವೆಲ್ಲ ವೈನಿ ಎನ್ನುತ್ತೇವೆ. ವೈನಿ ನಸುಕಿನಲ್ಲೆದ್ದು ಹದಿನಾರು ರೊಟ್ಟಿ ಬಡಿದು, ಎಣ್ಣೆಗಾಯಿ ಮಾಡಿ, ಮೊಸರಿನ ಡಬ್ಬಿ ಕಟ್ಟಿ, ಎರಡು ಟವೆಲ್ಲು, ಒಂದು ಜೊತೆ ಒಣ ಬಟ್ಟೆಯನ್ನೂ ಚೀಲಕ್ಕೆ ಹಾಕಿಕೊಂಡಿದ್ದರು.

ಗೇಟಿನಾಚೆ ಕಣ್ಣು ಹಾಯಿಸಿದಷ್ಟು ದೂರ ಕಬ್ಬಿಣದ ಪೆಟ್ಟಿಗೆಗಳು, ಲಾರಿಗಳು, ಒಂದು ಕ್ರೇನು. ವೈನಿ ಇಳಿದು, ಕಣ್ಣಿಗೆ ಕೈ ಅಡ್ಡ ಹಿಡಿದು ಆ ಕಡೆ ಈ ಕಡೆ ನೋಡಿದರು.

"ನೀರೆಲ್ಲಿ?"

"ಇದು ಒಣ ಬಂದರ. ನೀರು ಇರಾಂಗಿಲ್ಲ," ಎಂದರು ಅಧ್ಯಕ್ಷರು, ತಮಗೆ ಮೊದಲೇ ಗೊತ್ತಿದ್ದವರಂತೆ.

"ಹಡಗ?"

"ಹಡಗೂ ಇರಾಂಗಿಲ್ಲ."

"ಮತ್ತ ಏನೈತ್ರಿ?"

"ಡಬ್ಬಿ ಅದಾವಲ್ಲ."

ವೈನಿ ಟವೆಲ್ಲನ್ನು ಚೀಲದೊಳಗೆ ಇನ್ನಷ್ಟು ಕೆಳಗೆ ತುರುಕಿದರು. ಗೇಟಿನ ಸೆಕ್ಯುರಿಟಿಯವನು ಒಳಗೆ ಬಿಡುವುದಿಲ್ಲ ಎಂದ. ಕಾರಿನ ನೆರಳಲ್ಲೇ ಕೂತು ರೊಟ್ಟಿ ತಿಂದೆವು. ಅವನಿಗೂ ಎರಡು ಕೊಟ್ಟೆವು. ಮನೆಯ ಮುಂದೆ ಇಳಿಯುವಾಗ ವೈನಿ ನನ್ನ ಕಡೆ ತಿರುಗಿ ಹೇಳಿದರು:

"ಮುಂದಿನ ಸಲ ನಿಮ್ಮ ಜಾಗತಿಕ ಏನರೆ ತೋರಸೂದಿದ್ರ ಮೊದಲ ಹೇಳ್ರಿ. ಇಷ್ಟಕ್ಕ ಆದ್ರ ಬ್ರೆಡ್ ತಗೊಂಡು ಬರ್ತೀನಿ."

ಉದ್ಘಾಟನೆಗೆ ಶುಭಾಶಯ

ಆ ನಮೂನೆ ಕಳಿಸಿದ ಕಂಪನಿಯವರು ಏಳು ಜನ ನಿಜವಾಗಿಯೂ ಬರುತ್ತೇವೆ ಎಂದರು. ಬಿಡಿಭಾಗ ಮಾಡಿಕೊಡುವ ಸಣ್ಣ ಕಾರ್ಖಾನೆಯೊಂದು ಕೆಲಸ ಮಾಡುವುದನ್ನು ಕಣ್ಣಾರೆ ನೋಡಬೇಕಂತೆ. ನಲವತ್ತು ನಿಮಿಷ ಮಾತ್ರ ಇರುತ್ತಾರಂತೆ. ನನ್ನ ಮೇಜು ಉಳಿಯಿತು ಎಂದುಕೊಂಡೆ. ಅಧ್ಯಕ್ಷರು ತಮ್ಮ ಕಾರ್ಖಾನೆಯನ್ನೇ ತೋರಿಸುವುದಾಗಿ ಹೇಳಿ, "ತಯಾರಿ ನನಗ ಬಿಡ್ರಿ" ಎಂದರು. ಬಿಟ್ಟೆ. ಅದೇ ತಪ್ಪಾಯಿತು.

ಅತಿಥಿಗಳು ಬಂದ ದಿನ ಗೇಟಿನಲ್ಲಿ ರಂಗೋಲಿ, ಬಾಗಿಲಿಗೆ ಮಾವಿನ ತೋರಣ. ಒಳಗೆ ಕಾಲಿಟ್ಟರೆ ಮೌನ. ಒಂದೂ ಯಂತ್ರ ತಿರುಗುತ್ತಿಲ್ಲ. ಎಲ್ಲವನ್ನೂ ತೊಳೆದು, ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಆಯುಧಪೂಜೆಯ ದಿನದಂತೆ ಸಾಲಾಗಿ ನಿಲ್ಲಿಸಿದ್ದರು. ನೆಲದಲ್ಲಿ ಒಂದು ಹನಿ ಎಣ್ಣೆಯಿಲ್ಲ. ಕೆಲಸಗಾರರೇ ಇಲ್ಲ.

"ಸರ್, ಮಂದಿ ಎಲ್ಲಿ?" ನಾನು ಪಿಸುಗುಟ್ಟಿದೆ.

"ರಜಾ ಕೊಟ್ಟೀನಿ. ಮನಿಗೆ ಪರಸ್ಥಳದವರು ಬರೋ ಹೊತ್ತಿನಾಗ ಎಣ್ಣಿ ಕೈ ಇಟ್ಕೊಂಡು ಅಡ್ಡಾಡಿದ್ರ ಚಲೋ ಕಾಣಸ್ತೈತೇನ್ರಿ?"

ಅತಿಥಿಗಳಿಗೆ ಶಾಲು, ಪೇಟ, ಹಾರ. ಒಬ್ಬೊಬ್ಬರಿಗೂ ನಾಲ್ಕು ನಿಮಿಷ. ಏಳು ಜನರ ಸನ್ಮಾನ ಮುಗಿಯುವ ಹೊತ್ತಿಗೆ ನನ್ನ ಗಡಿಯಾರದಲ್ಲಿ ಹನ್ನೆರಡು ನಿಮಿಷ ಉಳಿದಿತ್ತು. ಅವರಲ್ಲಿ ಹಿರಿಯರೊಬ್ಬರು ಪೇಟ ಸರಿಮಾಡಿಕೊಳ್ಳುತ್ತ ಸುತ್ತ ನೋಡಿದರು. ಗೋಡೆಯಾಚೆಯಿಂದ ಒಂದು ಪ್ರೆಸ್ಸಿನ ಸದ್ದು ಕೇಳುತ್ತಿತ್ತು: ಧಡ್, ಧಡ್, ಧಡ್. ಅದೇನು ಎಂದು ಅವರು ಕೇಳಿದರು. ನಾನು ತರ್ಜುಮೆ ಮಾಡಿದೆ.

ಅಧ್ಯಕ್ಷರ ಮುಖ ಗಂಟಾಯಿತು. "ಅದೇನೂ ಅಲ್ಲ ಅಂತ ಹೇಳ್ರಿ. ಬಾಜೂದವ. ರಬ್ಬರ್ ವಾಷರ್ ಮಾಡ್ತಾನ. ನಮ್ಮ ಪಂಪಿಗೆ ನಾವು ಅಂಥಾ ಲೋಕಲ್ ಮಾಲು ಹಾಕಾಂಗಿಲ್ಲ. ವಾಷರ್ ಸುದ್ದಾ ದುಬೈದಿಂದ ತರಸ್ತೀವಿ ಅಂತ ಹೇಳ್ರಿ."

ಹೇಳಿದೆ. ಅವರು ತಲೆಯಾಡಿಸಿದರು. ಅರ್ಧ ಹೋಳಿಗೆ ತಿಂದರು, ಫೋಟೊ ತೆಗೆಸಿಕೊಂಡರು, ಸಂದರ್ಶಕರ ಪುಸ್ತಕದಲ್ಲಿ ಬರೆದು ಬಸ್ಸು ಹತ್ತಿದರು. ಬಸ್ಸು ತಿರುವು ದಾಟುವವರೆಗೂ ಕೈಬೀಸಿದ ಅಧ್ಯಕ್ಷರು ಓಡಿಬಂದು ಕೇಳಿದರು, "ಏನು ಬರದಾರ್ರಿ? ಓದ್ರಿ, ಓದ್ರಿ."

ಓದಿದೆ. "ಬಹಳ ಸುಂದರವಾದ ಜಾಗ. ನಿಮ್ಮ ಕಾರ್ಖಾನೆ ಆದಷ್ಟು ಬೇಗ ಆರಂಭವಾಗಲಿ ಎಂದು ಹಾರೈಸುತ್ತೇವೆ."

ಪಾಸಾದ ಮಾಲು

ಗೋಡೆಯಾಚೆಯ ಆ 'ಬಾಜೂದವ'ರನ್ನು ಉಪ್ಪಲ್‌ನಲ್ಲಿ ಎಲ್ಲರೂ ಕಾಕಾ ಎನ್ನುತ್ತಾರೆ. ಅವರೂ ಬೀದರ್ ಕಡೆಯವರೇ, ಅವರ ಹಣೆಯಲ್ಲೂ ಅದೇ ಮೂರೆಳೆ. ಹನ್ನೆರಡು ವರ್ಷದ ಹಿಂದೆ ಕಾಕಾ ಅಂಗಳದ ಬೇವಿನ ಎಲೆ ಅಧ್ಯಕ್ಷರ ಅಂಗಳಕ್ಕೆ ಬಿತ್ತು. ಅಧ್ಯಕ್ಷರು ಅದನ್ನು ಗುಡಿಸಿ ವಾಪಸ್ ಎಸೆದರು. ಅಲ್ಲಿಂದ ಮಾತು ನಿಂತಿತು, ಗೋಡೆ ಬೆಳೆಯತೊಡಗಿತು. ಇವರು ಎರಡು ಸಾಲು ಇಟ್ಟಿಗೆ ಏರಿಸಿದರೆ ಅವರು ಎರಡು ಸಾಲು. ಇವರದು ಸಿಮೆಂಟ್ ಇಟ್ಟಿಗೆ, ಅವರದು ಕೆಂಪು ಇಟ್ಟಿಗೆ. ಈಗ ಗೋಡೆ ದಡಿ ಸೀರೆಯ ಹಾಗೆ ಪಟ್ಟೆಪಟ್ಟೆಯಾಗಿ ನಿಂತಿದೆ. ಬೇವಿನ ಎಲೆ ಮಾತ್ರ ಈಗಲೂ ಬೀಳುತ್ತದೆ.

ನಾನು ಸಂಘದ ಸದಸ್ಯರೆಲ್ಲರ ಮಾಲಿನ ಪಟ್ಟಿಯನ್ನು ವ್ಯಾಪಾರದ ಒಂದು ವೆಬ್‌ಸೈಟಿನಲ್ಲಿ ಹಾಕಿದ್ದೆ. ಜನವರಿಯಲ್ಲಿ ಒಂದು ದಿನ ದುಬೈಯಿಂದ ಫೋನು. ಎರಡು ತಿಂಗಳಿಂದ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ ಇಂಗ್ಲಿಷ್ ಸ್ವಾಗತವನ್ನು ಉಸಿರು ಬಿಡದೆ ಒಪ್ಪಿಸಿದೆ. ಆ ಕಡೆಯವನು ಪೂರ್ತಿ ಕೇಳಿಸಿಕೊಂಡ.

"ಆಪಾ, ಅಂಗ್ರೇಜಿ ನಕ್ಕೋ. ಉಪ್ಪಲ್ ಮೇ ಗರ್ಮೀ ಶುರೂ ಹುಯೀ ಕ್ಯಾ?"

ಜಗತ್ತು ನನ್ನನ್ನು ಅಕ್ಕಾ ಎಂದು ಕರೆದು, ಇಂಗ್ಲಿಷ್ ಬೇಡ ಎಂದು, ನಮ್ಮೂರಿನಲ್ಲಿ ಸೆಕೆ ಶುರುವಾಯಿತೇ ಎಂದು ವಿಚಾರಿಸುತ್ತಿತ್ತು. ಆಸಾಮಿ ಚಾರ್‌ಮಿನಾರ್ ಬಳಿ ಹುಟ್ಟಿ ಬೆಳೆದು ಹದಿನೈದು ವರ್ಷದ ಹಿಂದೆ ದುಬೈಗೆ ಹೋದವನು. ಪಂಪಿನ ಬಿಡಿಭಾಗದ ವ್ಯಾಪಾರ. ರಬ್ಬರ್ ವಾಷರ್ ಬೇಕು, ಮೊದಲು ಐದು ಸ್ಯಾಂಪಲ್ ಕಳಿಸಿ ಎಂದ.

ಕಾಕಾಗೆ ಹೇಳಿದೆ. ಸಂಜೆಯೊಳಗೆ ಅವರು ಡಬ್ಬಿ ತಂದಿಟ್ಟರು. ಎತ್ತಿದರೆ ನಾಲ್ಕು ಕಿಲೋ.

"ಕಾಕಾ, ಐದು ವಾಷರ್ ಇಷ್ಟು ಭಾರ ಇರ್ತಾವೇನ್ರಿ?"

"ವಾಷರ್ ಅಷ್ಟ ಹೆಂಗ ಕಳಸೋದವ್ವಾ, ಒಣಾ ಒಣಾ? ಖಡಕ್ ರೊಟ್ಟಿ ಇಟ್ಟೀನಿ. ಶೇಂಗಾ ಚಟ್ನಿ ಇಟ್ಟೀನಿ. ಪರದೇಶದಾಗ ಇರೋ ಮನಶಾ."

ತೆಗೆಯಿರಿ ಎಂದೆ. ಹಾಗಾದರೆ ವಾಷರ್ ಕೂಡ ತೆಗೆದುಕೊಂಡು ಹೋಗುತ್ತೇನೆ ಎಂದರು. ಕೊರಿಯರ್ ಕಾಗದದ ಮೇಲೆ "ರಬ್ಬರ್ ವಾಷರ್ ಐದು, ರೊಟ್ಟಿ ಇಪ್ಪತ್ತು, ಚಟ್ನಿ ಒಂದು ಕಿಲೋ" ಎಂದು ಬರೆದು ಕಳಿಸಿ, ಮಾನ ಹೋಯಿತು ಎಂದುಕೊಂಡು ಎರಡು ವಾರ ಫೋನಿನ ಮುಂದೆ ಕೂತೆ. ಕೊನೆಗೆ ಮೆಸೇಜು ಬಂತು.

"ಆಪಾ, ವಾಷರ್ ಪರೀಕ್ಷೆಗೆ ಹೋಗಿದೆ, ಇನ್ನೂ ರಿಪೋರ್ಟು ಬಂದಿಲ್ಲ. ಚಟ್ನಿ ಪಾಸಾಗಿದೆ."

ಬಿಳಿ ಪುಡಿ

ವಾಷರೂ ಪಾಸಾಯಿತು. ಆರ್ಡರು ಬಂತು. ನಮ್ಮ ಸಂಘದ ಇತಿಹಾಸದಲ್ಲೇ ಮೊದಲ ರಫ್ತು. ಕಾಕಾ ಮಾಲು ಒಣ ಬಂದರಿಗೆ ಹೋಗಿ, ಸೀಲಾಗಿ, ರೈಲು ಹತ್ತಿ, ಹಡಗು ಹತ್ತಿ ದುಬೈ ತಲುಪಿತು. ಅಲ್ಲಿಂದ ಸಿಹಿ ಸುದ್ದಿ ಬರುತ್ತದೆ ಎಂದು ಕಾಯುತ್ತಿದ್ದರೆ ಗೋದಾಮಿನವರಿಂದ ಒಂದು ಇಮೇಲು ಬಂತು. ಪ್ರತಿ ಡಬ್ಬಿಯ ಮುಚ್ಚಳದ ಒಳಗೆ ಬಿಳಿ ಪುಡಿಯ ಮೂರು ಗೆರೆ ಕಂಡಿದೆ. ಇದು ಯಾವ ರಾಸಾಯನಿಕ? ಜೊತೆಗಿರುವ ಸುರಕ್ಷತಾ ನಮೂನೆ ತುಂಬಿ ಕಳಿಸುವವರೆಗೆ ಮಾಲು ಬಿಡುವುದಿಲ್ಲ.

ಕಾಕಾರನ್ನು ಕರೆಸಿದೆ. ಗೊತ್ತೇ ಇತ್ತು, ವಿಭೂತಿ. ಅವರ ಕಾರ್ಖಾನೆಯಿಂದ ಏನೇ ಹೊರಟರೂ ಮುಚ್ಚಳಕ್ಕೆ ಮೂರು ಬೆರಳು ಎಳೆಯದೆ ಹೊರಡುವುದಿಲ್ಲ. ಅವರನ್ನು ಎದುರಿಗೆ ಕೂಡಿಸಿಕೊಂಡು ನಮೂನೆ ತುಂಬತೊಡಗಿದೆ.

"ಯಾವುದರಿಂದ ತಯಾರಾಗಿದೆ ಅಂತ ಕೇಳ್ಯಾರ."

"ಆಕಳ ಸಗಣಿ. ಸುಟ್ಟಿದ್ದು. ಶುದ್ಧ ಐತಿ ಅಂತ ಬರಿಯವ್ವಾ."

ಬರೆದೆ. ಓದಿದೆ. ಹೊಡೆದು ಹಾಕಿದೆ. "ಬೆಂಕಿ ಹತ್ತಿದ್ರ ಉರಿತದೇನು?"

"ಉರಿದು ಮುಗಿದ ಮ್ಯಾಲ ವಿಭೂತಿ ಆಗೇತಿ. ಇನ್ನೇನು ಉರಿತೈತಿ?"

"ಚರ್ಮಕ್ಕ ತಗುಲಿದ್ರ ಏನು ಮಾಡ್ಬೇಕು?"

"ಹಣಿಗೆ ತಗುಲಿದ್ರ ಚಲೋ ಆಗ್ತೈತಿ. ಬ್ಯಾರೆ ಕಡೆ ತಗುಲಿದ್ರ ಹಣಿಗೆ ಹಚ್ಕೋರಿ ಅಂತ ಬರಿ."

"ಹೊಟ್ಟಿಗೆ ಹೋದ್ರ?"

"ನಮ್ಮವ್ವ ಹೊಟ್ಟಿ ನೋವಿಗೆ ಅದನ್ನ ಕೊಡತಿದ್ಲು."

"ಎಷ್ಟು ವರ್ಷ ಕೆಡದಂಗ ಇರ್ತೈತಿ?"

ಕಾಕಾ ನನ್ನನ್ನೇ ಕನಿಕರದಿಂದ ನೋಡಿದರು. "ಧಾರವಾಡದಾಗ ಓದೀನಿ ಅಂತಿ, ಇದನ್ನೂ ಕೇಳ್ತಿಯಲ್ಲ ತಂಗಿ."

ಮುಂದಿನ ಸಲ ಹಚ್ಚಬೇಡಿ ಎಂದು ಕೈಮುಗಿದೆ. "ವಿಭೂತಿ ಇಲ್ಲದ ಡಬ್ಬಿ ನನ್ನ ಗೇಟು ದಾಟಾಂಗಿಲ್ಲ" ಎಂದು ಎದ್ದೇ ಬಿಟ್ಟರು. ನನ್ನ ಮೇಜಿನ ಭವಿಷ್ಯ ಆ ಮೂರು ಗೆರೆಯ ಮೇಲೆ ನಿಂತಿತ್ತು. ಸೋತು ದುಬೈಯವನಿಗೇ ಫೋನು ಮಾಡಿ ಎಲ್ಲ ಹೇಳಿದೆ. ಅವನು ನಕ್ಕ.

"ಬಸ್, ಇತ್ತಿಸೀ ಬಾತ್? ಇಷ್ಟೇ ತಾನೆ? ನಾನು ಚಿಕ್ಕವನಿದ್ದಾಗ ನಮ್ಮ ಗಲ್ಲಿಯ ಶೆಟ್ಟರ ಗಲ್ಲಾ ಮೇಲೆ ದಿನಾ ನೋಡಿದ್ದೇನೆ. ಗೋದಾಮಿನವರಿಗೆ ನಾನು ಹೇಳ್ತೇನೆ. ಇದು ಕಾರ್ಖಾನೆಯ ಗುರುತು ಅಂತ ಚೀಟಿ ಛಾಪಿಸಿ ಎಲ್ಲಾ ಡಬ್ಬಿಯಲ್ಲಿ ಇಡ್ತೇನೆ."

ಮಾಲು ಬಿಟ್ಟರು. ಆ ಚೀಟಿಯ ಫೋಟೊ ಕೂಡ ಕಳಿಸಿದ. ಇಂಗ್ಲಿಷಿನಲ್ಲಿ ದಪ್ಪಕ್ಷರದಲ್ಲಿ ಹೀಗಿತ್ತು: "ಒಳಮುಚ್ಚಳದಲ್ಲಿ ಮೂರು ಬಿಳಿ ಗೆರೆ ಇದ್ದರೆ ಮಾತ್ರ ಅಸಲಿ ಮಾಲು. ಇಲ್ಲದಿದ್ದರೆ ಸ್ವೀಕರಿಸಬೇಡಿ."

ಕಾಕಾಗೆ ಓದಿ ಹೇಳಿದೆ. ಅವರಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. "ಮತ್ತ? ನಾವೂ ಅದನ್ನ ಹೇಳೋದು," ಎಂದರು.

ಮಾರ್ಚ್ ಸಭೆ

ಒಂದು ರಫ್ತು ತೋರಿಸಿದೆನಲ್ಲ, ಮೇಜು ಗಟ್ಟಿ ಎಂದು ನಾನು ನಂಬಿದ್ದೆ. ಅಧ್ಯಕ್ಷರು ಒಪ್ಪಲಿಲ್ಲ. ಮಾರಿದವ ಕಾಕಾ, ಕೊಂಡವ ಚಾರ್‌ಮಿನಾರ್‌ನವ, "ಇದರಾಗ ಪರದೇಶ ಎಲ್ಲಿ ಬಂತ್ರಿ?" ಎಂದರು. ಮಾರ್ಚ್ ಸಭೆಯಲ್ಲಿ ಸದಸ್ಯರ ಮುಂದಿಟ್ಟು ಕೈ ಎತ್ತಿಸುವುದೆಂದು ತೀರ್ಮಾನವಾಯಿತು. ಅಟೆಂಡರ್ ಅಮ್ಮ ಅಂದು ಬೆಳಿಗ್ಗೆಯೇ ಹೊಸ ವಾಟರ್ ಫಿಲ್ಟರ್ ಇರುವ ರಟ್ಟಿನ ಪೆಟ್ಟಿಗೆಯನ್ನು ತಂದು ನನ್ನ ಮೇಜಿನ ಕಾಲಿಗೆ ಒರಗಿಸಿ, "ಏಮನುಕೋವದ್ದು ಮೇಡಂ, ಸಾರ್ ಪೆಟ್ಟಮನ್ನಾರು" ಎಂದಳು. ತಪ್ಪು ತಿಳಿಯಬೇಡಿ, ಸಾರ್ ಇಡಲು ಹೇಳಿದ್ದಾರೆ ಅಂತ. ನಾನೇಕೆ ತಪ್ಪು ತಿಳಿಯಲಿ? ಸರಿಯಾಗಿಯೇ ತಿಳಿದಿದ್ದೆ.

ಸಭೆಗೆ ಅರವತ್ತು ಜನ ಸೇರಿದ್ದರು. ಕಾಕಾ ಕೊನೆಯ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು. ಅಧ್ಯಕ್ಷರು ಎದ್ದು ನಿಂತು, ಒಂದು ಹೊಳೆಯುವ ನೀಲಿ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟರು.

"ಬಂಧುಗಳೇ, ಇದು ಇಲ್ಲೇ ರಾಣಿಗಂಜ್ ಬಜಾರದ ಡೀಲರ್ ಕಡಿಂದ ಹೋದ ವಾರ ತರಿಸಿದ್ದು. ದುಬೈ ಮಾಲು. ಇಪ್ಪತ್ತೆರಡು ವರ್ಷದಾಗ ಇಂಥಾ ವಾಷರ್ ನಾ ನೋಡಿಲ್ಲ. ಪಂಪ್ ಒಂದು ಹನಿ ಸೋರಾಂಗಿಲ್ಲ. ಮೇಡಂ ಚಲೋ ಮಂದಿ, ಅವರ ಮ್ಯಾಲ ನನಗ ಸಿಟ್ಟಿಲ್ಲ. ಆದ್ರ ಇಂಥಾ ಮಾಲು ಅಲ್ಲಿ ಆಗತಿರಬೇಕಾದ್ರ, ನಮ್ಮ ಉಪ್ಪಲ್ ಮಾಲು ಯಾರು ಮೂಸ್ತಾರ? ರಫ್ತು ಗಿಫ್ತು ನಮಗ್ಯಾಕ?"

ಕೆಲವರು ಹೌದು ಹೌದು ಎಂದರು. ನಾನು ನೀಲಿ ಪೆಟ್ಟಿಗೆಯನ್ನೇ ನೋಡುತ್ತಿದ್ದೆ. ಬುಡದ ಮೂಲೆಯಲ್ಲಿ ಮಾಲು ಎಲ್ಲಿ ತಯಾರಾದದ್ದು ಎಂದು ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಬರೆದಿತ್ತು. ನಮ್ಮ ಅಧ್ಯಕ್ಷರು ಪೆಟ್ಟಿಗೆ ತಿರುಗಿಸಿ ನೋಡುವ ಪೈಕಿಯಲ್ಲ.

"ಅವರ ಶಿಸ್ತು ನೋಡ್ರಿ," ಎನ್ನುತ್ತ ಅವರು ಪೆಟ್ಟಿಗೆಯ ಮೇಲುಹೊದಿಕೆ ಬಿಚ್ಚಿ, ಚೀಟಿಯೊಂದನ್ನು ಎತ್ತಿ ಹಿಡಿದರು. "ಇದರಾಗ ಏನು ಬರದಾರ ಗೊತ್ತೇನು? ಒಳಮುಚ್ಚಳದಾಗ ಮೂರು ಬಿಳಿ ಗೆರಿ ಇದ್ರಷ್ಟ ಅಸಲಿ. ಇಲ್ಲಾಂದ್ರ ತಗೋಬ್ಯಾಡ್ರಿ ಅಂತ. ಇದಕ್ಕಂತಾರ ಕ್ವಾಲಿಟಿ! ನಮ್ಮಲ್ಲಿ ಯಾರರೆ ಹಿಂಗ ಗುರುತು ಹಾಕ್ತಾರೇನು?"

ಎದ್ದು ತಡೆಯಬೇಕೋ, ಸುಮ್ಮನಿರಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಅವರು ಒಳಡಬ್ಬಿಯ ಮುಚ್ಚಳವನ್ನು ತೆಗೆದು, ಎಲ್ಲರಿಗೂ ಕಾಣುವಂತೆ ತಮ್ಮ ಮುಖದ ಪಕ್ಕಕ್ಕೆ ಹಿಡಿದರು.

ಅರವತ್ತು ಜನ ಮುಚ್ಚಳ ನೋಡಿದರು. ಅಧ್ಯಕ್ಷರ ಹಣೆ ನೋಡಿದರು. ಮತ್ತೆ ಮುಚ್ಚಳ ನೋಡಿದರು. ಆಮೇಲೆ ಎಲ್ಲರೂ ಒಟ್ಟಿಗೆ ಹಿಂದೆ ತಿರುಗಿ ಕಾಕಾ ಹಣೆ ನೋಡಿದರು.

ಅಧ್ಯಕ್ಷರು ನಿಧಾನಕ್ಕೆ ಮುಚ್ಚಳವನ್ನು ತಮ್ಮ ಕಡೆ ತಿರುಗಿಸಿಕೊಂಡರು. ಬೆರಳಿನಿಂದ ಒಂದು ಗೆರೆ ಮುಟ್ಟಿ, ಮೂಸಿ ನೋಡಿದರು. ಅಭ್ಯಾಸಬಲ, ಬೆರಳು ತಾನಾಗಿ ಹಣೆಗೆ ಹೋಯಿತು.

ಕಾಕಾ ಎದ್ದು ನಿಂತರು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅಧ್ಯಕ್ಷರ ಕಡೆಗೆ ಮುಖ ಮಾಡಿ ಮಾತಾಡಿದರು.

"ಅಧ್ಯಕ್ಷರ, ಈ ಡಬ್ಬಿ ನನ್ನ ಗೇಟಿಂದ ಹೊಂಟು ಲಾರಿ ಹತ್ತಿ, ರೈಲ ಹತ್ತಿ, ಹಡಗ ಹತ್ತಿ ದುಬೈ ನೋಡ್ಕೊಂಡು, ಮತ್ತ ಹಡಗ ಹತ್ತಿ, ರೈಲ ಹತ್ತಿ ನಿಮ್ಮ ಗೇಟಿಗೆ ಬಂದೈತಿ. ನಡುವ ಇರೋದು ಒಂದು ಗ್ವಾಡಿ."

ಸಭೆಯಲ್ಲಿ ಎದ್ದ ನಗು ಕೆಳಗಿನ ಟೈರ್ ಅಂಗಡಿಯವರೆಗೂ ಕೇಳಿತಂತೆ. ಅಧ್ಯಕ್ಷರು ಮುಚ್ಚಳವನ್ನು ತಿರುಗಿ ಡಬ್ಬಿಗೆ ಹಾಕಿದರು. ಆಮೇಲೆ ಅವರ ಮೀಸೆಯೂ ಅಲುಗಿತು.

"ಹಂಗಾದ್ರ," ಎಂದರು, "ನಾಳಿಂದ ಗ್ವಾಡಿ ಮ್ಯಾಲಿಂದ ಕೊಟ್ಬಿಡಪಾ. ಇಷ್ಟು ದೂರ ಯಾಕ ಅದು ಅಡ್ಡಾಡಬೇಕು?"

"ಕೊಡ್ತೀನಿ," ಎಂದರು ಕಾಕಾ.

ಎಲ್ಲರೂ ಚಪ್ಪಾಳೆ ತಟ್ಟಿದರು. ಕೆಲವರ ಕಣ್ಣು ಒದ್ದೆಯಾಗಿದ್ದವು. ಹನ್ನೆರಡು ವರ್ಷದ ಜಗಳ ಮುಗಿಯುತ್ತಿತ್ತು. ಆ ಗಳಿಗೆಯಲ್ಲಿ ಯಾರೋ "ಬ್ಯಾಡ್ರೀ!" ಎಂದು ಚೀರಿದರು. ನೋಡಿದರೆ ನಾನೇ.

"ಏನ್ರಿ ಮೇಡಂ, ನಾವಿಬ್ರು ಒಂದಾಗಾಕತ್ತೀವಿ, ನೀವು ಬ್ಯಾಡ ಅಂತೀರಲ್ರಿ!"

"ಒಂದಾಗ್ರಿ ಸರ್. ದಿನಾ ಕೂತು ಚಹಾ ಕುಡೀರಿ. ಮಾಲು ಮಾತ್ರ ದುಬೈ ಮ್ಯಾಲಿಂದನ ಬರ್ಲಿ. ಗ್ವಾಡಿ ಮ್ಯಾಲಿಂದ ಕೊಟ್ರ ರಫ್ತೂ ಇಲ್ಲ, ಆಮದೂ ಇಲ್ಲ, ನನ್ನ ಮೇಜೂ ಇಲ್ಲ!"

ಅಧ್ಯಕ್ಷರು ಫಿಲ್ಟರಿನ ರಟ್ಟಿನ ಪೆಟ್ಟಿಗೆ ನೋಡಿದರು, ನನ್ನನ್ನು ನೋಡಿದರು. ಮೇಜು ಇರಲಿ ಎನ್ನುವವರಿಗೆ ಕೈ ಎತ್ತಲು ಹೇಳಿದರು. ಅರವತ್ತೂ ಕೈ ಎದ್ದವು, ಬಾಗಿಲಲ್ಲಿ ನಿಂತಿದ್ದ ಅಟೆಂಡರ್ ಅಮ್ಮನ ಕೈಯೂ ಸೇರಿ ಅರವತ್ತೊಂದು. ನಡಾವಳಿ ಪುಸ್ತಕದಲ್ಲಿ ನಾನೇ ಬರೆದೆ: "ಈ ಸಾಲಿನ ರಫ್ತು ಒಂದು. ಆಮದು ಒಂದು. ಎರಡೂ ಒಂದೇ ಡಬ್ಬಿ. ಜಾಗತಿಕ ವಿಭಾಗವನ್ನು ಮುಂದುವರಿಸುವುದು."

ಈಗ ಗೋಡೆಯಲ್ಲಿ ಚಹಾದ ಲೋಟ ಹಿಡಿಸುವಷ್ಟು ಒಂದು ಕಿಂಡಿ ಕೊರೆಸಿದ್ದಾರೆ. ಅದರಲ್ಲಿ ಚಹಾ ಹೋಗುತ್ತದೆ, ಮಾತು ಹೋಗುತ್ತದೆ, ಹಬ್ಬದ ದಿನ ವೈನಿಯ ಹೋಳಿಗೆ ಹೋಗುತ್ತದೆ. ವಾಷರ್ ಮಾತ್ರ ಕೊಟ್ಟ ಮಾತಿನಂತೆ ದುಬೈಗೆ ಹೋಗಿ ಬರುತ್ತದೆ. ಮೊನ್ನೆ ಹಡಗು ತಡವಾಯಿತು. ಅಧ್ಯಕ್ಷರು ನನ್ನ ಮೇಜಿನ ಹತ್ತಿರ ಬಂದು, ನೀರು ಕುಡಿಯುವ ನೆಪದಲ್ಲಿ ಪಿಸುಗುಟ್ಟಿದರು.

"ಮೇಡಂ, ಕೆಲಸ ನಿಂತೈತಿ. ಕಿಂಡಿಯಾಗ ಕೈ ಹಾಕಿ ಒಂದು ಡಬ್ಬಿ ಕೈಗಡ ಇಸ್ಕೊಳ್ಳೇನ್ರಿ?"

"ಇಸ್ಕೋರಿ. ಆದ್ರ ಹಡಗ ಬಂದ ಕೂಡ್ಲೆ ತಿರುಗಿ ಕೊಡ್ರಿ."

ಹಡಗು ಬಂತು. ಅಧ್ಯಕ್ಷರು ಮಾತಿಗೆ ತಪ್ಪದವರು, ಒಂದು ಡಬ್ಬಿಯನ್ನು ಕಿಂಡಿಯಲ್ಲಿ ತಿರುಗಿ ಕೊಟ್ಟರು. ಕಾಕಾ ಅದರ ಮುಚ್ಚಳ ತೆಗೆದು ನೋಡಿ, ಗೆರೆ ಸ್ವಲ್ಪ ಮಾಸಿದೆ ಎಂದು ಹೊಸದಾಗಿ ವಿಭೂತಿ ಎಳೆದು, ಮತ್ತೆ ದುಬೈಗೆ ಕಳಿಸಿದರು. ನನ್ನ ಪುಸ್ತಕದಲ್ಲಿ ರಫ್ತು ಇನ್ನೊಂದು ಏರಿತು.

ಅಧ್ಯಕ್ಷರು ಆ ಪುಟವನ್ನು ಬಹಳ ಹೊತ್ತು ನೋಡಿ, ಕೊನೆಗೆ ಮುಖ ಅರಳಿಸಿದರು.

"ಈಗ ತಿಳೀತು ನೋಡ್ರಿ ಮೇಡಂ, ಊರು ಬೆಳಿಯೋದು ಯಾವ ಕಡಿಗೆ ಅಂತ," ಎಂದು ತೋರುಬೆರಳಿನಿಂದ ಗಾಳಿಯಲ್ಲಿ ಒಂದು ದೊಡ್ಡ ಸುತ್ತು ಬರೆದರು.